ಸಮುದ್ರದೊಳಗಿನ ಮೊದಲ ಮನೆ

ನಮ್ಮ ಕೇರಿಗೂ ಒಂದು ಚರಿತ್ರೆ ಬೇಕು ಎಂಬ ಹುಳವನ್ನು ನನ್ನ ತಲೆಗೆ ಬಿಟ್ಟವರು ಭಾವ. ಅವರು ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದರು. ಆಗಿನ್ನೂ ಎಲ್ಲರ ಕೈಗೆ ಮೊಬೈಲ್ ಬಂದಿರಲಿಲ್ಲ. ಮರವಂತೆಯ ಹೆದ್ದಾರಿ ಬದಿಯಲ್ಲಿ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ರಜೆಗೆ ಬಂದರೆ ಭಾವನ ಬಿಡಾರ ಅಲ್ಲೇ. ಒಂದು ಸಲ, ಜೊತೆಗೆ ಕೆಲಸ ಮಾಡುವ ಫಿಲಿಪೀನ್ಸ್ ಗೆಳೆಯ ಕೊಟ್ಟ ಬಣ್ಣದ ಪುಸ್ತಿಕೆ ತಂದರು. ಆ ಗೆಳೆಯನ ಊರು ಕಡಲ ಬದಿಯ ಪಟ್ಟಣ. ಯಾವ ದ್ವೀಪದಿಂದ ಯಾರು ದೋಣಿಯೇರಿ ಬಂದರು, ಮೊದಲ ಗುಡಿಸಲು ಎಲ್ಲಿ ಎದ್ದಿತು, ಯಾವ ಮೀನಿಗೆ ಹೆಸರು, ಸಂತೆ ಎಲ್ಲಿ, ಶಾಲೆ ಎಲ್ಲಿ, ಎಲ್ಲವೂ ಅದರಲ್ಲಿತ್ತು. ಭಾವ ಓದಿ ಹೇಳುತ್ತಿದ್ದರೆ ನನಗೆ ಹೊಟ್ಟೆಕಿಚ್ಚು. ನಮಗೇನು ಕಡಿಮೆ? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಹಾರ್ನ್ ಹೊಡೆಯುವ ಬೈಂದೂರು ಬಸ್ಸು!

ಶ್ರಾವಣದ ನೂಲ ಹುಣ್ಣಿಮೆಯ ಸಮುದ್ರ ಪೂಜೆಯಷ್ಟರೊಳಗೆ ನಮ್ಮ ಕೇರಿಯ ಕತೆ ಬರೆದು ಭಜನಾ ಮಂದಿರದ ಗೋಡೆಗೆ ಅಂಟಿಸುತ್ತೇನೆಂದು ಸಾರಿಬಿಟ್ಟೆ. ಮೊದಲ ಸಾಲು ಸುಲಭ ಅಂದುಕೊಂಡಿದ್ದೆ. ಸಮುದ್ರಕ್ಕೆ ಹತ್ತಿರವಿದ್ದಷ್ಟೂ ಮನೆ ಹಳೆಯದು ಎಂಬುದು ಕೇರಿಯ ನಮ್ಮ ಪ್ರಾಯದವರೆಲ್ಲರ ಲೆಕ್ಕ. ಮೊದಲು ಬಂದವರು ದೋಣಿ ಎಳೆದು ಹಾಕುವಲ್ಲೇ ಮನೆ ಕಟ್ಟುತ್ತಾರೆ, ಆಮೇಲೆ ಬಂದವರು ಅವರ ಹಿಂದೆ. ಹಾಗಾಗಿ ದಡದ ಮನೆಯವನೇ ಎಲ್ಲರಿಗಿಂತ ಹಳಬ. ಪೂಜೆಯ ದಿನ ಸಮುದ್ರಕ್ಕೆ ಮೊದಲ ಹಾಲು ಎರೆಯುವುದು ಮೊದಲ ಮನೆಯ ಹಕ್ಕು. ಕೆಲವು ವರ್ಷಗಳಿಂದ ಅವನೇ ಎರೆಯುತ್ತಿದ್ದ. ಅದಕ್ಕೂ ಮೊದಲು ನಮ್ಮ ದೊಡ್ಡಪ್ಪ ಎರೆಯುತ್ತಿದ್ದದ್ದು ವಯಸ್ಸಿಗೆ ಕೊಟ್ಟ ಮರ್ಯಾದೆ ಅಂದುಕೊಂಡಿದ್ದೆ.

ಸುದ್ದಿ ಕೇಳಿ ನಮ್ಮ ದೊಡ್ಡಮ್ಮ ಬೂತಿಗೆ ನುಗ್ಗಿದರು. ಅವರ ಮನೆ ಹೆದ್ದಾರಿಯಾಚೆ, ಹೊಳೆಯ ಬದಿಯಲ್ಲಿ. ಲೆಕ್ಕದ ಪ್ರಕಾರ ತೀರಾ ಹೊಸಬರು.

"ಹ್ವಾಯ್, ಎಂತ ಬರೀತೆ ನೀನ್? ಮೊದ್ಲಿನ್ ಮನಿ ನಮ್ದ್. ಅಲ್ ಕಾಣ್, ಆ ದೋಣಿ ನಿಂತಿತ್ತಲ್ದಾ, ಅಲ್ ನಮ್ ಬಾವಿ ಇದ್ದಿತ್. ಸೀ ನೀರ್!"

ಅವರು ಕೈ ತೋರಿಸಿದ್ದು ಅಲೆಗಳಾಚೆಗೆ. ಫೋನಿಗೆ ಕಾಯುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಮುದ್ರದೊಳಗೆ ಸಿಹಿನೀರಿನ ಬಾವಿ! ದೊಡ್ಡಮ್ಮನ ಕಣ್ಣು ತುಂಬಿತು. "ನಿಮ್ ದೊಡ್ಡಪ್ಪ ಇಪ್ಪಾಗ ಹಾಲ್ ಎರೂದ್ ಅವ್ರೇ ಅಲ್ದಾ? ಅವ್ರ್ ಹೋದ್ ಕೂಡ್ಲೆ ನಾವ್ ಹೊಸಬ್ರಾ? ಮುಂಚೆ ಬಂದ್ ಕಿವಿಗಿಂತ ಆಮೇಲ್ ಬಂದ್ ಕೋಡೇ ಜೋರ್" ಎಂದು ಸೆರಗು ಕೊಡವಿ ಹೊರಟರು.

ನಗದೇ ಇದ್ದವರು ಭಾವ ಒಬ್ಬರೇ. "ನನ್ನ ಗೆಳೆಯನ ಅಜ್ಜಿಮನಿ ಇದ್ದಲ್ಲೂ ಈಗ ದೋಣಿ ಲಂಗರ್ ಹಾಕ್ತ್ರಂಬ್ರ್" ಎಂದರು. "ಕಡಲ್ ತಿಂದದ್ದ್. ಊರೇ ಹಿಂದೆ ಸರ್ದಿತಂಬ್ರ್."

ನನಗೆ ಆಗ ಹೊಳೆಯಿತು. ನಮ್ಮ ಲೆಕ್ಕ ತಲೆಕೆಳಗಾಗಿತ್ತು. ಮುಂದಿನ ಸಾಲಿನ ಹಳಬರ ಮನೆಗಳನ್ನು ಕಡಲು ಒಂದೊಂದಾಗಿ ನುಂಗಿತ್ತು. ಅವರು ಎದ್ದು ಹೋಗಿ ಎಲ್ಲರ ಹಿಂದೆ ಕಟ್ಟಿಕೊಂಡಿದ್ದರು. ದಡದ ಮನೆಯವರು ಕೊನೆಗೆ ಬಂದವರು, ಒಂದು ಕಾಲಕ್ಕೆ ಹಿಂದಿನ ಸಾಲಿನವರು. ಕೂತಲ್ಲೇ ಮುಂದಿನವರಾಗಿದ್ದರು, ಅಷ್ಟೇ. ಊರ ಹಿರಿಯರನ್ನು ಕೇಳಿದರೆ, "ಹೌದ್ ಮರಾಯ್ರೆ, ಅವ್ರ್ ಬಾವಿ ನೀರ್ ನಾವೂ ಕುಡ್ದಿತ್" ಎಂದರು. ಖುಷಿಯಿಂದ ಮೊದಲ ಸಾಲು ತಿದ್ದಿ ಬರೆದು ಗೋಡೆಗೆ ಅಂಟಿಸಿದೆ.

ಪೂಜೆಯ ಬೆಳಿಗ್ಗೆ ದೊಡ್ಡಮ್ಮ ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು ಎಲ್ಲರಿಗಿಂತ ಮೊದಲೇ ದಡದಲ್ಲಿ ನಿಂತಿದ್ದರು. ದಡದ ಮನೆಯವನು ಜಗಳಕ್ಕೆ ಬರುತ್ತಾನೇನೋ ಎಂದು ನನಗೆ ಪುಕಪುಕ. ಅವನು ಗೋಡೆಯ ಹಾಳೆ ಓದಿ, ಸೀದಾ ಬಂದು ಹಾಲಿನ ತಂಬಿಗೆಯನ್ನು ದೊಡ್ಡಮ್ಮನ ಕೈಗಿಟ್ಟ.

"ನೀವೇ ಎರೀನಿ ದೊಡ್ಡಮ್ಮ" ಎಂದ. ಆಮೇಲೆ ದನಿ ತಗ್ಗಿಸಿ, "ನಿಮ್ಮನಿ ಹಿಂದೆ ಒಂದ್ ಮನಿ ಕಟ್ಟುವಷ್ಟ್ ಜಾಗ ಇತ್ತಾ?" ಎಂದು ಕೇಳಿದ.

ದೊಡ್ಡಮ್ಮ ಅವನ ಮನೆಯತ್ತ ತಿರುಗಿ ನೋಡಿದರು. ಆ ಮಳೆಗಾಲಕ್ಕೆ ಎರಡು ತೆಂಗಿನಮರ ಉರುಳಿದ್ದವು. ಅಂಗಳದ ಅಂಚಿನ ಕೆಂಪು ಕಲ್ಲುಗಳ ಕೆಳಗೆ ನೀರು ನುಗ್ಗಿ ನುಗ್ಗಿ ಹೋಗುತ್ತಿತ್ತು.

ಅವರು ತಂಬಿಗೆಯನ್ನು ಅವನ ಕೈಗೇ ಹಿಂದಕ್ಕೆ ಕೊಟ್ಟರು.

"ಜಾಗ ಇತ್ತ್ ಮಗಾ, ಬಂದ್ ಕಟ್ಕೋ. ಈ ವರ್ಷ ನೀನೇ ಎರಿ. ಬಪ್ಪ ವರ್ಷ ನಿನ್ ಅಂಗ್ಳ ಇರತ್ತೋ ಇಲ್ಯೋ."