ಹತ್ತನೆಯ ಚಿಪ್ಪು

ಹಣ್ಣುನೊಣ ಹಿಡಿಯುವ ಹಳದಿ ಡಬ್ಬಿಗಳು ನಮ್ಮ ಕಡೆಗೆ ಇನ್ನೂ ಬಂದಿರದ ಕಾಲ ಅದು. ಹಂಪಾಪುರದ ಹತ್ತಿರ ನಮ್ಮದೊಂದು ಹಾಗಲ ಚಪ್ಪರವಿತ್ತು. ನೊಣ ಕುಟುಕಿದ ಕಾಯಿ ಸೊಟ್ಟಗಾಗುತ್ತಿತ್ತು, ಕುಯ್ದರೆ ಒಳಗೆಲ್ಲ ಹುಳ. ಅದಕ್ಕೆ ಅವ್ವ ಬಾಳೆಹಣ್ಣು ಕಿವುಚಿ, ಬೆಲ್ಲ ಕಲಸಿ, ತೆಂಗಿನ ಚಿಪ್ಪುಗಳಿಗೆ ತುಂಬಿ, ಕೊನೆಗೆ ಒಂದೊಂದಕ್ಕೂ ನಾಲ್ಕು ಹನಿ ಕೀಟದ ಔಷಧಿ ಬಿಟ್ಟು ಚಪ್ಪರಕ್ಕೆ ತೂಗುಹಾಕುತ್ತಿದ್ದಳು. ಔಷಧಿ ಬೀಳುವ ತನಕ ಅದು ಹಬ್ಬದ ರಸಾಯನವೇ. ಅದೇ ಬಣ್ಣ, ಅದೇ ಘಮ. ಅಕ್ಕತಂಗಿ ನಮ್ಮಿಬ್ಬರ ಬಾಯಲ್ಲೂ ನೀರೂರುತ್ತಿತ್ತು.

ಆ ದಿನ ಅವ್ವ ಬದುವಿನ ಮೇಲೆ ಹತ್ತು ಚಿಪ್ಪು ಸಾಲಾಗಿ ಇಟ್ಟಿದ್ದಳು. ನಾನು ಅತ್ತ ಬೆನ್ನು ಹಾಕಿ ದಾರ ಕತ್ತರಿಸುತ್ತಿದ್ದೆ. ಅಷ್ಟರಲ್ಲಿ ಹಸು ಗೂಟ ಕಿತ್ತುಕೊಂಡಿತು, ಅವ್ವ ಎದ್ದು ಓಡಿದಳು. ನಾಲ್ಕು ವರ್ಷದ ತಂಗಿ ಪುಟ್ಟಿ ನನ್ನ ಲಂಗ ಜಗ್ಗಿದಳು.

"ಅಕ್ಕ, ನಂಗೂ ಒಸಿ ಕೊಡು."

ಅವ್ವ ಇನ್ನೂ ಔಷಧಿ ಮುಟ್ಟಿಲ್ಲ ಅಂದುಕೊಂಡು, ಮಹಾ ಧಾರಾಳಿಯ ಹಾಗೆ ಸಾಲಿನ ನಡುವಿನಿಂದ ಒಂದು ಚಿಪ್ಪು ಎತ್ತಿ ಕೊಟ್ಟೆ. ಅವಳು ಅದನ್ನು ಹಿಡಿದು ಚಪ್ಪರದ ಕೆಳಗೆ ನುಸುಳಿದಳು.

ಅವ್ವ ಬಂದವಳೇ ನಿಂತುಬಿಟ್ಟಳು. "ಹತ್ತು ಇಟ್ಟಿದ್ನಲ್ಲಮ್ಮಿ, ಒಂದೆಲ್ಲಿ? ಆಗ್ಲೇ ಕೆಲವಕ್ಕೆ ಔಸ್ದಿ ಬುಟ್ಟಿವ್ನಿ ಕಣೇ!"

"ನಂಗೊತ್ತಿಲ್ಲ ಕಣವ್ವ." ಏಟಿಗೆ ಹೆದರಿ ಹೇಳಿದ ಸುಳ್ಳು. ಮರುಗಳಿಗೆಗೇ ಚಪ್ಪರದ ಕಡೆ ತಿರುಗಿದೆ. "ನಾನೇ ಕೊಟ್ಟೆ ಕಣವ್ವ, ಪುಟ್ಟಿಗೆ!" ಎಂದು ಕಿರುಚಿದೆ.

ಚಪ್ಪರದ ಕೆಳಗೆ ಪುಟ್ಟಿ ಬರಿದಾದ ಚಿಪ್ಪನ್ನು ನೆಕ್ಕುತ್ತಿದ್ದಳು. ಅವ್ವ ನನ್ನನ್ನು ಹೊಡೆಯಲಿಲ್ಲ. ಮಗುವಿನ ಬಾಯಿ ಮೂಸಿದಳು. ಔಷಧಿ ಅವ್ವನ ಕೈಯಲ್ಲೇ ನಾರುತ್ತಿದ್ದರಿಂದ ಏನೂ ಗೊತ್ತಾಗಲಿಲ್ಲ.

"ಸಿದ್ದಣ್ಣ, ಗಾಡಿ ತೆಗಿಯಣ್ಣೋ!"

ಪಕ್ಕದ ಹೊಲದ ಸಿದ್ದಣ್ಣ ಬೈಕಿನಲ್ಲಿ ಅವರಿಬ್ಬರನ್ನೂ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಆಸ್ಪತ್ರೆಗೆ ಕರೆದೊಯ್ದ. ಚಿಪ್ಪುಗಳನ್ನು ಯಾರೂ ಮುಟ್ಟದಂತೆ ಕಾಯಲು ನಾನೊಬ್ಬಳೇ ಉಳಿದೆ. ನೊಣಗಳು ಬಂದು ಕೂತವು. ಎಡಗಡೆಯ ನಾಲ್ಕು ಚಿಪ್ಪುಗಳಲ್ಲಿ ಬಿದ್ದು ಒದ್ದಾಡಿದವು. ಬಲಗಡೆಯ ಐದರಲ್ಲಿ ತಿಂದು ಹಾರಿಹೋದವು. ನಾನು ಎತ್ತಿಕೊಟ್ಟ ಚಿಪ್ಪಿನ ಖಾಲಿ ಜಾಗ ಸರಿಯಾಗಿ ಅವೆರಡರ ನಡುವೆ ಇತ್ತು. ಅಷ್ಟು ಭಯ ನಾನು ಮತ್ತೆಂದೂ ಪಟ್ಟಿಲ್ಲ.

ಹೊತ್ತು ಇಳಿದಾಗ ಅವ್ವ ಬಂದಳು. ಪುಟ್ಟಿ ಅವಳ ಹೆಗಲ ಮೇಲೆ ನಿದ್ದೆಹೋಗಿದ್ದಳು.

"ಏನೂ ಆಗಿಲ್ಲ ಬುಡು," ಅಂದಳು ಅವ್ವ. ಒಂಬತ್ತೂ ಚಿಪ್ಪುಗಳನ್ನು ಗುಂಡಿ ತೋಡಿ ಹೂತಳು.

ಈಗ ಆ ಹೊಲದಲ್ಲಿ ಹಳದಿ ಡಬ್ಬಿಗಳನ್ನು ಕಟ್ಟುವವಳು ಪುಟ್ಟಿಯೇ. ಅವಳಿಗೆ ಏನೂ ನೆನಪಿಲ್ಲ. ಹೋದ ಯುಗಾದಿಗೆ ಕೇಳಿದಳು, "ಅಲ್ಲಕ್ಕ, ನಮ್ಮವ್ವ ಯಾವ ಹಬ್ಬಕ್ಕೂ ಯಾಕೆ ರಸಾಯನ ಮಾಡಕಿಲ್ಲ?"

ಒಲೆ ಮುಂದಿದ್ದ ಅವ್ವ ತಲೆ ಎತ್ತಲಿಲ್ಲ. "ನಂಗೊತ್ತಿಲ್ಲ ಕಣೇ," ಅಂದೆ ನಾನು, ಇನ್ನೊಮ್ಮೆ.