ಮಿರ್ಚಿ ಸಾಹೇಬರ ಅರ್ಧ ಕಪ್ ಚಹಾ

೧೯೪೫, ಯುದ್ಧ ಮುಗಿದ ವರ್ಷ. ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನ ಫುಟ್‌ಬಾಲ್ ತಂಡಕ್ಕೆ ನಾನು ದುಭಾಷಿಯಾಗಿದ್ದೆ. ಹೀಗೆ ಬರೆದರೆ ದೊಡ್ಡ ಹುದ್ದೆಯಂತೆ ಕಾಣುತ್ತದೆ. ಮದುವೆಯಾದ ಮೇಲೆ ಅಡುಗೆಮನೆಯ ಹೊರಗೆ ನಾನು ಮಾಡಿದ ಕೆಲಸ ಅದೊಂದೇ, ಅದೂ ಒಂದು ಚಳಿಗಾಲದ ಮಟ್ಟಿಗೆ.

ನನ್ನ ಯಜಮಾನರು ವಕೀಲರು; ಆ ತಂಡದ ಕಾರ್ಯದರ್ಶಿಯೂ ಅವರೇ. ಮಿಲ್ಲಿಗೆ ಹೊಸ ಯಂತ್ರ ಜೋಡಿಸಲು ರುಮೇನಿಯಾ ದೇಶದ ಒಬ್ಬ ಫಿಟ್ಟರ್ ಬಂದಿದ್ದರು. ಇಂಗ್ಲಿಷು ಅಷ್ಟಕ್ಕಷ್ಟೆ, ಫ್ರೆಂಚ್ ಚೆನ್ನಾಗಿ ಬರುತ್ತಿತ್ತು. ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಹತ್ತಿರ ಫ್ರೆಂಚ್ ಕಲಿತಿದ್ದೆ. ಹೀಗಾಗಿ ಒಂದು ಸಂಜೆ ಯಜಮಾನರು ಅವರನ್ನು ನಮ್ಮ ಪಡಸಾಲೆಗೇ ಕರೆತಂದರು. ಜೊತೆಗೆ ತಂಡದ ಕ್ಯಾಪ್ಟನ್ ಹುಸೇನಪ್ಪ ಬಂದಿದ್ದ. ಯಾಪಲದಿನ್ನಿ ಹಳ್ಳಿಯವನು, ಮಿಲ್ಲಿನಲ್ಲಿ ಹತ್ತಿಯ ಅಂಡಿಗೆ, ಅಂದರೆ ಮೂಟೆ, ಕಟ್ಟುವ ಕೆಲಸ.

ಅತಿಥಿಯ ಹೆಸರು ಮಿರ್ಚಾ. ಕೇಳಿದ ಕೂಡಲೇ ಹುಸೇನಪ್ಪ ತುಟಿ ಬಿಗಿಹಿಡಿದು ನಗು ನುಂಗಿದ. ಮರುದಿನದಿಂದ ಊರಿಗೆಲ್ಲ ಅವರು ಮಿರ್ಚಿ ಸಾಹೇಬರಾದರು.

ತಮ್ಮ ಕಥೆಯನ್ನು ಅವರು ನಿಧಾನವಾಗಿ ಹೇಳಿದರು. ತಂದೆ ಗಾಡಿಯ ಗಾಲಿ ಮಾಡುವವರು. ಮೊದಲ ಚೆಂಡು ಚಿಂದಿ ತುಂಬಿದ ಕಾಲುಚೀಲ. ಹಿಮ ಬಿದ್ದ ದಿನ ಚೆಂಡು ನೀರು ಕುಡಿದು ಕಲ್ಲಾಗುತ್ತಿತ್ತಂತೆ. ಊರ ತಂಡದಿಂದ ಬುಖಾರೆಸ್ಟಿನ ಒಂದು ಕ್ಲಬ್ಬಿಗೆ ಹೋದರು. ಮೊಣಕಾಲಿಗೆ ಪೆಟ್ಟಾದ ವರ್ಷ ಹಡಗಿನ ಎಂಜಿನ್ ಕೆಲಸ ಹಿಡಿದರು. ಹಡಗು ಬೊಂಬಾಯಿಯಲ್ಲಿದ್ದಾಗ ಅವರ ದೇಶ ಜರ್ಮನಿಯ ಪಕ್ಷ ಸೇರಿತು. ಇಂಗ್ಲಿಷರು ಇವರನ್ನು ಶತ್ರುವೆಂದು ತಂತಿಬೇಲಿಯ ಕ್ಯಾಂಪಿಗೆ ಹಾಕಿದರು. ಯುದ್ಧ ಮುಗಿದು ಬಿಡುಗಡೆಯಾಗುವಷ್ಟರಲ್ಲಿ ಅವರ ಊರೇ ಬೇರೆ ದೇಶದ ಪಾಲಾಗಿತ್ತು. ಹಿಂತಿರುಗಲು ಮನೆ ಇರಲಿಲ್ಲ. ಯಂತ್ರ ಜೋಡಿಸುವ ಕೆಲಸ ಮುಗಿದ ಮೇಲೂ ಮಿಲ್ಲಿನ ಶೇಠರು ಇಟ್ಟುಕೊಂಡರೆ ಅದು ಆಟಗಾರನೆಂದೇ ಆಗಬೇಕಿತ್ತು.

ಅಂಗಳದಲ್ಲಿ ಯಾವ ಸ್ಥಾನದಲ್ಲಿ ಆಡುತ್ತಿದ್ದಿರಿ ಎಂದು ಯಜಮಾನರು ನನ್ನಿಂದ ಕೇಳಿಸಿದರು. "ದೆಮಿ," ಎಂದರು ಮಿರ್ಚಾ, "ಜೀವನವೆಲ್ಲ ದೆಮಿ."

ಸಿಸ್ಟರ್ ನನಗೆ ಪ್ರಾರ್ಥನೆಯ ಫ್ರೆಂಚ್ ಕಲಿಸಿದ್ದರು, ತೋಟದ, ಅಡುಗೆಯ ಫ್ರೆಂಚ್ ಕಲಿಸಿದ್ದರು. ಆಟದ ಮಾತು ಅವರಿಗೂ ಬಾರದು. ಆದರೆ ದೆಮಿ ಎಂದರೆ ಅರ್ಧ ಎಂದು ನನಗೆ ಗೊತ್ತಿತ್ತು. ಒಂದು ಶಬ್ದವನ್ನೂ ಅನುವಾದಿಸದೆ ಬಿಡಬಾರದೆನ್ನುವುದು ಸಿಸ್ಟರ್ ಅವರ ಪಾಠ. "ಅವರು ಜೀವಮಾನವೆಲ್ಲ ಅರ್ಧ ಆಟಗಾರರಾಗಿದ್ದರಂತೆ," ಎಂದು ಸ್ಪಷ್ಟವಾಗಿ ಹೇಳಿದೆ.

"ಅರ್ಧ ಅಂದ್ರ ಹ್ಯಾಂಗ್ರೀ ಬಾಯಾರ, ಒಂದ ಕಾಲಾಗ ಆಡ್ತಾರೇನ್ರೀ?" ಎಂದ ಹುಸೇನಪ್ಪ.

ಮೊಣಕಾಲಿನ ವಿಷಯ ನೆನಪಾಗಿ, ಅದಕ್ಕೇ ಇರಬೇಕೆಂದೆ. ಮಿರ್ಚಾ ನಮ್ಮಿಬ್ಬರ ಮುಖ ನೋಡಿ ಸಂತೋಷದಿಂದ ತಲೆಯಾಡಿಸಿದರು.

ಅಂದಿನಿಂದ ಅವರ ಕೈಗೆ ಗೆರೆ ಕಾಯುವವನ ಬಾವುಟ ಬಂತು. ಆಟ ಮುಗಿಯುವ ಹೊತ್ತಿಗೆ ಯಾರಾದರೂ ಸುಸ್ತಾದರೆ ಮಾತ್ರ ಒಳಗೆ ಕರೆಯುತ್ತಿದ್ದರು. ಊರೂರ ಪಂದ್ಯಗಳಲ್ಲಿ ಎರಡೂ ಕಡೆಯವರು ಒಪ್ಪಿದರೆ ಆಟಗಾರನನ್ನು ಬದಲಿಸುವ ರೂಢಿ ಇತ್ತು. ದೇವದುರ್ಗದ ಪಂದ್ಯವನ್ನು ನಾನೂ ಅತ್ತೆಯವರೂ ಪರದೆ ಕಟ್ಟಿದ ಬಂಡಿಯಲ್ಲಿ ಕುಳಿತು ನೋಡಿದೆವು. ವಿರಾಮದಲ್ಲಿ ಚಹಾ ಹಂಚುವವನು ಎಲ್ಲರ ಕಪ್ಪು ತುಂಬಿಸಿ, ಅವರದನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಿದ. ಪ್ರತಿ ಪಂದ್ಯದಲ್ಲೂ ಹೀಗೆಯೇ ಅಂತೆ; ಹುಡುಗರು ಬೆನ್ನು ತಿರುಗಿಸಿ ನಕ್ಕರು. ಮಿರ್ಚಾ ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಕುಡಿದರು. ಅತ್ತೆ ಸೆರಗಿನ ಮರೆಯಲ್ಲಿ, "ಪೂರಾ ಗಂಡಸಿಗೆ ಅರ್ಧ ಚಾ ಯಾಕ ಕೊಡ್ತಾರವಾ?" ಎಂದು ಕೇಳಿದರು. ಚೇಷ್ಟೆ ಇರಬೇಕೆಂದೆ. ಕೆಟ್ಟೆನಿಸಿತು, ಆದರೆ ಹೇಳಲು ಹೋಗಲಿಲ್ಲ. ಗಂಡಸರ ನಡುವೆ ಸೊಸೆಯೊಬ್ಬಳು ಚಹಾದ ಮಾತು ಎತ್ತುವುದು ಹೇಗೆ?

ದೇವದುರ್ಗದಲ್ಲಿ ಸೋತೆವು. ಮುಂದಿನ ಮಾನ್ವಿಯ ಪಂದ್ಯವೊಂದು ಮುಗಿದ ಕೂಡಲೇ ಮಿರ್ಚಾ ಅವರನ್ನು ಬೊಂಬಾಯಿಗೆ ಕಳಿಸುವುದೆಂದು ಶೇಠರು ತೀರ್ಮಾನಿಸಿದರು. ಅದನ್ನು ಅವರಿಗೆ ತಿಳಿಸುವ ಕೆಲಸವೂ ನನ್ನದೇ. ಅವರು ಕೈಯಲ್ಲಿದ್ದ ಟೋಪಿಯ ಅಂಚನ್ನು ಸುತ್ತಲೂ ಒಮ್ಮೆ ಮುಟ್ಟಿ ಮುಗಿಸಿ, "ನಾನು ಶತ್ರುದೇಶದವನೆಂದೇ, ಮದಾಮ್? ಕ್ಯಾಂಪಿನಲ್ಲೂ ನನ್ನನ್ನು ಆಡಲು ಬಿಡುತ್ತಿದ್ದರು," ಎಂದರು. ಅಲ್ಲವೆಂದಷ್ಟೇ ಹೇಳಿದೆ. ಅವರೇ ಒಪ್ಪಿಕೊಂಡ ಕೊರತೆಯನ್ನು ಅವರ ಮುಖದ ಮೇಲೆ ಎತ್ತಿ ಆಡುವುದು ಸಭ್ಯತೆಯಲ್ಲವೆಂದು ಉಳಿದದ್ದನ್ನು ನುಂಗಿಕೊಂಡೆ.

ಮಾನ್ವಿಯಲ್ಲಿ ಆಟ ಹತ್ತಿ ಬಿಡಿಸಿ ಸಮ ಮಾಡಿದ ಎರೆ ಹೊಲದ ಮೇಲೆ. ನಮ್ಮ ಬಂಡಿ ಗೆರೆಯ ಹತ್ತಿರವೇ ನಿಂತಿತ್ತು. ಮಾನ್ವಿಯವರು ಒಂದು ಗೋಲು ಹೊಡೆದರು. ಹುಸೇನಪ್ಪ ಗಂಟಲು ಹರಿಯುವಂತೆ ಕೂಗಿದ, "ಹಾಫ್ ಎಲ್ಲಿ ಸತ್ತಾನಲೇ? ನಡುವ ಖಾಲಿ ಬಿದ್ದದ, ಹಾಫ್ ನಡುವ ನಿಂದರಲೇ!"

"ಹಾಫ್ ಅಂದ್ರ ಏನವಾ?" ಎಂದರು ಅತ್ತೆ.

"ಅರ್ಧ ಅಂತ ಅತ್ತಿ," ಎಂದೆ.

ಹೇಳಿದ ಬಾಯಿ ಅಲ್ಲೇ ನಿಂತಿತು. ಗೋಲು ಹೊಡೆಯುವ ಮುಂದಿನ ಸಾಲಿಗೂ ಗೋಲು ಕಾಯುವ ಹಿಂದಿನ ಸಾಲಿಗೂ ನಡುವೆ ಆಡುವವನು ಹಾಫ್ ಬ್ಯಾಕ್. ಅವರಲ್ಲೂ ನಟ್ಟನಡುವಿನವನು ತಂಡದ ಬೆನ್ನೆಲುಬು. ಈ ಶಬ್ದವನ್ನು ಮಿಲ್ಲಿನ ಪ್ರತಿಯೊಬ್ಬ ಹುಡುಗನೂ ಬಲ್ಲ. ನಾನು ಅನುವಾದಿಸದೆ ಹಾಫ್ ಎಂದೇ ಬಿಟ್ಟಿದ್ದರೆ ಅಂದೇ ಎಲ್ಲರಿಗೂ ತಿಳಿಯುತ್ತಿತ್ತು.

ವಿರಾಮದ ಸೀಟಿ ಊದಿದಾಗ ಪರದೆ ಸರಿಸಿ ಇಳಿದೆ. ಕಾಲಿಗೆ ಚಪ್ಪಲಿ ಇರಲಿಲ್ಲ, ಅಂಚಿನಲ್ಲಿ ಉಳಿದಿದ್ದ ಹತ್ತಿಯ ಕೂಳೆ ಚುಚ್ಚಿತು. ಅಷ್ಟು ಜನ ಗಂಡಸರು ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಇನ್ನೊಮ್ಮೆ ಊಹೆ ಮಾಡುವ ಧೈರ್ಯ ನನಗಿರಲಿಲ್ಲ. ಫ್ರೆಂಚ್ ಬೇಡ, ನಿಮ್ಮ ಸ್ವಂತ ಭಾಷೆಯಲ್ಲಿ ನಿಮ್ಮ ಸ್ಥಾನಕ್ಕೆ ಏನೆನ್ನುತ್ತೀರಿ ಎಂದು ಮಿರ್ಚಾ ಅವರನ್ನು ಕೇಳಿದೆ. "ಮಿಝ್ಲೊಕಾಶ್," ಎಂದರು. ನನಗೆ ತಿಳಿಯಲಿಲ್ಲವೆಂದು ಕಂಡು, ಬಾವುಟವನ್ನು ನೆಲಕ್ಕೂರಿ ಅಂಗಳದ ನಟ್ಟನಡುವನ್ನು ತೋರಿಸಿದರು. ಆಮೇಲೆ ತಮ್ಮ ಸೊಂಟದ ಮೇಲೆ ಕೈಯಿಟ್ಟು, "ಇದೂ ಮಿಝ್ಲೊಕ್, ಅದೂ ಮಿಝ್ಲೊಕ್," ಎಂದರು.

ನಡು. ನಮ್ಮಲ್ಲಿಯೂ ಎರಡಕ್ಕೂ ಅದೇ ಮಾತು. ಅಷ್ಟು ದೂರದ ದೇಶದ ಮಾತು ನಮ್ಮ ಮನೆಯ ಮಾತಿನ ಪಕ್ಕದಲ್ಲೇ ಇತ್ತು. ನಾನು ಕಾನ್ವೆಂಟಿನ ದಾರಿ ಹಿಡಿದು ಸುತ್ತಿ ಬಂದು ಎಡವಿದ್ದೆ.

"ಇವರು ಅರ್ಧ ಅಲ್ಲ, ಹುಸೇನಪ್ಪ. ನಡುವಿನವರು. ನೀವು ಹಾಫ್ ಅಂತೀರಲ್ಲ, ಅದು. ನಾನೇ ತಪ್ಪು ಹೇಳಿದೆ."

ಅವನು ಬಾವುಟದತ್ತ ನೋಡಿದ. "ಹಾಫನ್ನ ತಂದು ಗೆರಿಮ್ಯಾಲ ನಿಂದರಿಸಿದ್ದೆವಲ್ರೀ ಬಾಯಾರ," ಎಂದವನೇ ಮಿರ್ಚಾ ಅವರ ಕೈಯಿಂದ ಬಾವುಟ ತೆಗೆದುಕೊಂಡ.

ಆಮೇಲಿನ ಆಟವನ್ನು ವರ್ಣಿಸುವ ಜ್ಞಾನ ನನಗಿಲ್ಲ. ಕಂಡದ್ದಿಷ್ಟು: ಅವರು ಹೆಚ್ಚು ಓಡಲಿಲ್ಲ, ಚೆಂಡೇ ಅವರಿದ್ದಲ್ಲಿಗೆ ಬರುತ್ತಿತ್ತು. ಬಂದದ್ದನ್ನು ಇಟ್ಟುಕೊಳ್ಳುತ್ತಿರಲಿಲ್ಲ. ತಲೆ ಎತ್ತಿ ಒಮ್ಮೆ ನೋಡಿ ಬೇಕಾದವನ ಕಾಲಿಗೆ ಮುಟ್ಟಿಸುತ್ತಿದ್ದರು. ಹುಸೇನಪ್ಪನ ಒಂದು ಗೋಲಿನಿಂದ ಪಂದ್ಯ ಸಮವಾಯಿತು. ಶೇಠರು ಕುರ್ಚಿಯಿಂದೆದ್ದು ಬಂದು, "ಇಷ್ಟು ದಿನ ಇವರನ್ನ ಎಲ್ಲಿ ಮುಚ್ಚಿಟ್ಟಿದ್ರಿ ವಕೀಲರ? ಬೊಂಬಾಯಿ ಮಾತು ಬಿಡ್ರಿ," ಎಂದರು. ನಾನು ಕಾಲ ಬೆರಳಿಗಂಟಿದ ಎರೆ ಮಣ್ಣು ನೋಡುತ್ತ ನಿಂತೆ.

ತಿಳಿಯದ ಮಾತು ಬಂದಾಗ ತಿಳಿಯಲಿಲ್ಲವೆಂದು ಹೇಳಿ ಇನ್ನೊಮ್ಮೆ ಕೇಳುವುದೇ ದುಭಾಷಿಯ ಮೊದಲ ಕೆಲಸ. ಆ ನೌಕರಿ ನನಗೆ ಕಲಿಸಿದ್ದು ಅದು. ಕಲಿತದ್ದು ತಡವಾಗಿ, ಇನ್ನೊಬ್ಬರ ಖರ್ಚಿನಲ್ಲಿ.

ಅಂದು ಸಂಜೆ ಹುಸೇನಪ್ಪ ತಾನೇ ಚಹಾ ತಂದ. ಕಪ್ಪು ತುಂಬಿ ಕೆಳಗಿನ ಬಸಿಗೆ ಚೆಲ್ಲುತ್ತಿತ್ತು. ಮಿರ್ಚಾ ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಕುಡಿಯತೊಡಗಿದರು. ಅರ್ಧಕ್ಕೆ ನಿಲ್ಲಿಸಿ, ಉಳಿದ ಚಹಾ ಸಮೇತ ಕಪ್ಪನ್ನು ಜೋಪಾನವಾಗಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನಿಮ್ಮ ದೇಶದಲ್ಲಿ ಇಷ್ಟೇ ಅಲ್ಲವೇ ಮದಾಮ್, ಅತಿಥಿ ಕುಡಿಯಬೇಕಾದದ್ದು?"

ಹುಡುಗರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. "ಏನ್ರೀ ಬಾಯಾರ, ಏನಂತಾರ ಸಾಹೇಬ್ರು?" ಎಂದು ಹುಸೇನಪ್ಪ ಕೇಳಿದ. ಆ ಮಾತಿನ ಒಂದೊಂದು ಶಬ್ದವೂ ನನಗೆ ತಿಳಿದಿತ್ತು. ಅದನ್ನು ಕನ್ನಡಕ್ಕೆ ತರಲು ನನ್ನಿಂದ ಆಗಲಿಲ್ಲ.