ಇಲ್ಲದ ಹದಿನಾರು ಪುಟ

ದೆವ್ವ ಕಂಡೆ, ಶಕುನ ಖರೆಯಾಯಿತು ಎಂದು ಹೇಳುವವರನ್ನು ಕಂಡರೆ ನನಗೆ ಆಗ ಮೈಯೆಲ್ಲ ಉರಿಯುತ್ತಿತ್ತು. ನಾನು ಸವದತ್ತಿಯ ಶಾಲೆಯಲ್ಲಿ ಮಾಸ್ತರನಾಗಿದ್ದ ಕಾಲದ ಮಾತು ಇದು. ಎಲ್ಲಮ್ಮನ ಗುಡ್ಡ ಇಳಿದು ಬಂದವರು ಪವಾಡ ಹೇಳತೊಡಗಿದರೆ, “ನೀವು ಕಣ್ಣಾರೆ ಕಂಡಿರೋ, ಕೇಳಿದ್ದೋ?” ಎಂದು ನಡುವೆಯೇ ತಡೆದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನಂಬಿರೆಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ನನಗೆ ಈ ಪ್ರಶ್ನೆ ಕೇಳುವ ಚಟ ಹತ್ತಿಸಿದ್ದು ಪತ್ತೇದಾರಿ ಕಾದಂಬರಿಗಳು. ಧಾರವಾಡದ ಛಾಪಖಾನೆಗಳಿಂದ ಅವು ಆಗಷ್ಟೇ ಬರತೊಡಗಿದ್ದವು. ಊರ ವಾಚನಾಲಯದ ಕಪಾಟಿನ ಕೀಲಿಕೈ ನನ್ನ ಹತ್ತಿರ ಇರುತ್ತಿತ್ತು. ರಜೆ ಬಂತೆಂದರೆ ವಕೀಲರು, ಪೋಸ್ಟ್ ಮಾಸ್ತರರು, ಅಂಗಡಿಕಾರರು ಬಂದು ಹೊತ್ತು ಕಳೆಯಲು ಯಾವುದು ಹೊಸದು, ಯಾವುದು ಒಳ್ಳೆಯದು ಎಂದು ಕೇಳುವರು. ಊಟವಾದ ಮೇಲೆ ಕೈಗೆತ್ತಿಕೊಂಡರೆ ಮುಗಿಯುವತನಕ ಕೆಳಗಿಡಬಾರದು, ಅಂಥದ್ದನ್ನು ಆರಿಸಿ ಕೊಡುತ್ತಿದ್ದೆ. ಆ ಪುಸ್ತಕಗಳಲ್ಲಿ ಎಂಥ ಗುಟ್ಟಿದ್ದರೂ ಕಡೆಯ ಪುಟದೊಳಗೆ ಬಯಲಾಗಿಯೇ ಆಗುತ್ತಿತ್ತು. ಲೋಕವೂ ಹಾಗೆಯೇ ಇದೆ ಎಂದು ನಾನು ತಿಳಿದಿದ್ದೆ.

ಒಂದು ದೀಪಾವಳಿಯ ರಜೆಯಲ್ಲಿ ತೊರಗಲ್ಲಿಗೆ ಹೋಗಿದ್ದೆ. ಅಲ್ಲಿ ಕೋಟೆಯೊಳಗಿನ ಪುರೋಹಿತರ ಮನೆಗೆ ನನ್ನ ದೊಡ್ಡಪ್ಪನ ಮಗಳು ತುಂಗಕ್ಕನನ್ನು ಕೊಟ್ಟಿತ್ತು. ಅವಳ ಇಪ್ಪತ್ತೆರಡನೆಯ ವಯಸ್ಸಿಗೇ ಗಂಡ ತೀರಿಕೊಂಡ. ಅಂದಿನಿಂದ ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು, ಆ ಮನೆಯ ಹಿತ್ತಿಲಲ್ಲೇ ಅವಳ ಬಾಳು. ಯಜಮಾನರು ಅವಳ ಭಾವ ರಾಘಪ್ಪನವರು. ಪುರಾಣ ಹೇಳುವವರು, ಊರಿಗೆಲ್ಲ ಬೇಕಾದವರು. ದೊಡ್ಡಪ್ಪ ಮಗಳಿಗೆ ಓದು ಕಲಿಸಿದ್ದ. ಆ ಮನೆಯಲ್ಲಿ ಅದು ಯಾರಿಗೂ ಸೇರುತ್ತಿರಲಿಲ್ಲ.

“ತಮ್ಮಾ, ವ್ರತದ ಕಥಿ ಎಲ್ಲಾ ಬಾಯಿಪಾಠ ಆಗ್ಯಾವ. ಮಧ್ಯಾಹ್ನ ಸರಿಯೂದ ಇಲ್ಲ. ಬ್ಯಾರೆ ಏನರ ಇದ್ರ ಕೊಡು,” ಎಂದಳು ತುಂಗಕ್ಕ.

ನನ್ನ ಚೀಲದಲ್ಲಿ ಹೊಸದೊಂದು ಪುಸ್ತಕವಿತ್ತು. ಕೋಟೆಯೊಂದರ ಗುಟ್ಟು ವೈರಿಗಳಿಗೆ ಮುಟ್ಟುತ್ತಿದೆ, ಮುಟ್ಟಿಸುವವನು ಯಾರೆಂದು ಹುಡುಕಲು ಮಾಧವರಾವನೆಂಬ ಗುಪ್ತಚರ ವೇಷ ಮರೆಸಿಕೊಂಡು ಬರುತ್ತಾನೆ. ಚಕ್ಕಡಿಯಲ್ಲಿ ಬರುತ್ತ ನಾನೂ ಓದಿದ್ದೆ. ಆದರೆ ನೂರ ನಲವತ್ತನಾಲ್ಕನೆಯ ಪುಟ “ಸುರಂಗದ ಬಾಗಿಲನ್ನು ತಳ್ಳಿದನು, ಒಳಗೆ” ಎಂಬಲ್ಲಿಗೆ ನಿಂತು, ಮುಂದೆ ನೇರ ರಟ್ಟು ಬಂದಿತ್ತು. ಎರಡು ಸಲ ಎಣಿಸಿ ನೋಡಿದ್ದೆ. ಛಾಪಖಾನೆಗೆ ಖಾರವಾಗಿ ಒಂದು ಕಾಗದವನ್ನೂ ಬರೆದು ಹಾಕಿದ್ದೆ. ಕಡೆಯ ಪುಟಗಳಿಲ್ಲ, ಬಂದ ಕೂಡಲೆ ತಂದುಕೊಡುತ್ತೇನೆ, ಅಲ್ಲಿತನಕ ಓದುತ್ತಿರು ಎಂದು ಹೇಳಿ ಪುಸ್ತಕವನ್ನು ತುಂಗಕ್ಕನ ಕೈಗೆ ಕೊಟ್ಟೆ.

ತಿಂಗಳ ಮೇಲೆ ಮತ್ತೆ ಹೋದೆ. ಊಟಕ್ಕೆ ಕುಳಿತಾಗ ರಾಘಪ್ಪನವರೇ ಮಾತು ತೆಗೆದರು. ಆ ಪುಸ್ತಕ ಅವರ ಕಣ್ಣಿಗೆ ಬಿದ್ದಿತಂತೆ, ಬಚ್ಚಲ ಒಲೆಗೆ ಹಾಕಿದರಂತೆ. “ಹೆಣ್ಣುಮಕ್ಕಳ ಕೈಯಾಗ ಇಂಥಾವೆಲ್ಲಾ ಕೊಡಬ್ಯಾಡ್ರಿ, ಮಾಸ್ತರ,” ಎಂದು ನನ್ನ ಎಲೆಗೆ ತಾವೇ ತುಪ್ಪ ಬಡಿಸಿದರು.

ಎಲೆ ಬಿಟ್ಟು ಏಳಬೇಕಿತ್ತು. ಏಳಲಿಲ್ಲ. ಸಿಟ್ಟು ಬಂದಿದ್ದರೂ ಅನ್ನ ಇಳಿಯಿತು. ಮಜ್ಜಿಗೆಯತನಕ ಉಂಡೆ. ಇಂದಿಗೂ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಹಿತ್ತಿಲಲ್ಲಿ ತುಂಗಕ್ಕ ತಾಮ್ರದ ಕೊಡ ತಿಕ್ಕುತ್ತ ಕುಳಿತಿದ್ದಳು. ಅವಳು ಅಳುತ್ತಿರಬಹುದು ಎಂದುಕೊಂಡು ಹೋದರೆ, ನನ್ನನ್ನು ಕಂಡು ನಕ್ಕಳು. ಸುಡುವ ಮೊದಲೇ ಓದಿ ಮುಗಿಸಿದ್ದಾಗಿ ಹೇಳಿದಳು. “ಆ ಕಥ್ಯಾಗ ಪುರಾಣ ಹೇಳೂ ಕುರುಡ ಶಾಸ್ತ್ರಿ ಇದ್ದನಲ್ಲ, ಅಂವ ಕುರುಡನ ಅಲ್ಲ ತಮ್ಮಾ. ಎಲ್ಲಾ ನೋಡತಿದ್ದ. ಅಂವನ ನೋಡು ಸುದ್ದಿ ಮುಟ್ಟಸಾಂವ.”

ಊಹೆ ಮಾಡಿದ್ದಾಳೆ, ಜಾಣೆ ಎಂದು ನಾನೂ ನಕ್ಕೆ. ಊಹೆಯಲ್ಲ, ಓದಿದ್ದು ಎಂದಳು. ಕಡೆಯ ಪುಟದಲ್ಲಿ ಅಚ್ಚಿನ ಮೊಳೆ ಜೋಡಿಸುವವನು ತಪ್ಪಿದ್ದಾನೆ, ಮಾಧವರಾವ ಎನ್ನುವುದು ಯಾದವರಾವ ಎಂದು ಬಿದ್ದಿದೆ ಎಂದೂ ಹೇಳಿದಳು. ಆ ಪುಟಗಳು ಅದರಲ್ಲಿ ಇರಲೇ ಇಲ್ಲವೆಂದೆ. ಇದ್ದವು, ನೀನೇ ಸರಿಯಾಗಿ ನೋಡಿಲ್ಲ ಎಂದಳು.

ರಾಘಪ್ಪನವರ ಮೇಲೆ ತೋರಿಸಲಾರದ ಸಿಟ್ಟನ್ನೆಲ್ಲ ನಾನು ಅವಳ ಮೇಲೆ ಸುರಿದೆ. ಮನೆಗೆ ಯಾರು ಬಂದಿದ್ದರು? ಬೇರೆ ಪ್ರತಿ ಯಾರು ತಂದರು? ಯಾರ ಬಾಯಿಂದ ಕೇಳಿದೆ? ಕಳ್ಳರನ್ನು ಫೌಜದಾರ ಕೇಳುವ ಹಾಗೆ ಕೇಳಿದೆ. ಕಡೆಗೆ, ಸುಳ್ಳು ಹೇಳಬೇಡ ಎಂದುಬಿಟ್ಟೆ.

ಅವಳು ಕೊಡ ಕೆಳಗಿಟ್ಟಳು. “ಈ ಮನ್ಯಾಗ ನನ್ನ ಮಾತು ಖರೆ ಅನ್ನಾವ್ರು ಯಾರೂ ಇಲ್ಲ. ಇಷ್ಟು ದಿನ ನೀ ಒಬ್ಬಾಂವ ಇದ್ದಿ,” ಎಂದು ಒಳಗೆ ಹೋದಳು. ನಾನು ಹೇಳದೆ ಕೇಳದೆ ಚಕ್ಕಡಿ ಹತ್ತಿದೆ.

ಎಂಟು ದಿನಕ್ಕೆ ಧಾರವಾಡದಿಂದ ಲಕೋಟೆ ಬಂತು. ನಿಮಗೆ ಕಳಿಸಿದ ಪ್ರತಿಗೆ ರಟ್ಟು ಕಟ್ಟುವಾಗ ಕಡೆಯ ಫಾರ್ಮು ಸೇರಿಸುವುದು ಮರೆತಿದೆ, ಅದು ಇಲ್ಲಿಯೇ ಉಳಿದಿತ್ತು, ಕ್ಷಮಿಸಬೇಕು ಎಂದು ಬರೆದಿದ್ದರು. ಜೊತೆಗೆ ಆ ಫಾರ್ಮು, ಎಂದರೆ ಹದಿನಾರು ಪುಟಗಳ ಮಡಿಕೆ, ಅಂಚು ಸಹ ಕತ್ತರಿಸಿರಲಿಲ್ಲ. ಪೋಸ್ಟಿನ ಕಟ್ಟೆಯ ಮೇಲೆ ನಿಂತೇ ಬಿಡಿಸಿ ಓದಿದೆ. ಕುರುಡ ಶಾಸ್ತ್ರಿ ಸುರಂಗದಲ್ಲಿ ಕಣ್ಣು ತೆರೆಯುತ್ತಾನೆ. ಕಡೆಯ ಪುಟದಲ್ಲಿ ಮಾಧವರಾವ ಇರಲಿಲ್ಲ, ಯಾದವರಾವ ಇದ್ದ. ನಡು ಮಧ್ಯಾಹ್ನದ ಬಿಸಿಲು. ಮೈಮೇಲಿನ ಕೂದಲೆಲ್ಲ ನೆಟ್ಟಗಾದವು.

ಮುಂದಿನ ರವಿವಾರವೇ ತೊರಗಲ್ಲಿಗೆ ಹೋಗಿ ಆ ಪುಟಗಳನ್ನು ತುಂಗಕ್ಕನ ಮುಂದೆ ಹಿಡಿದು, ತಪ್ಪಾಯಿತು ಎಂದೆ. ಅವಳು ಕೈ ಚಾಚಲಿಲ್ಲ. “ನಾ ಓದೀನಿ. ನೀ ಓದು,” ಎಂದಳಷ್ಟೆ. ಆಮೇಲೆ ನನ್ನ ಕೈಯಿಂದ ಒಂದು ಪುಸ್ತಕವನ್ನೂ ಇಸಿದುಕೊಳ್ಳಲಿಲ್ಲ. ನಾಲ್ಕು ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡಳು.

ಅವಳು ಹೋದ ಮರುವರ್ಷ ರಾಘಪ್ಪನವರು ಕಚೇರಿಯ ಕೆಲಸಕ್ಕೆಂದು ಸವದತ್ತಿಗೆ ಬಂದರು. ಕೆಲಸ ನಾಲ್ಕು ದಿನ ಎಳೆಯಿತು. ವಾಚನಾಲಯಕ್ಕೆ ಬಂದು ಕುಳಿತು, ಹೊತ್ತು ಹೋಗುವಂಥ ಒಂದು ಪತ್ತೇದಾರಿ ಕಾದಂಬರಿ ಇದ್ದರೆ ಕೊಡಿರೆಂದು ಕೈ ಚಾಚಿ ಕೇಳಿದರು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಇಂಥವನ್ನು ನೀವು ಒಲೆಗೆ ಹಾಕುವವರಲ್ಲವೆ ಎಂದೆ.

ಅವರಿಗೆ ನಾಚಿಕೆಯೇನೂ ಆಗಲಿಲ್ಲ. “ಅದು ಭಾಳ ಛಲೋ ಇತ್ತರಿ. ಆ ಕುರುಡ ಕಣ್ಣು ತೆರೀತಾನಲ್ಲ, ಅಲ್ಲಿ ನನಗೂ ಮೈ ಝುಂ ಅಂತು. ಪೂರಾ ಓದೇ ಒಲಿಗೆ ಹಾಕಿದೆ.”

ನಾನು ನಿಧಾನವಾಗಿ, ಅದೇ ಪ್ರತಿಯೇ ಎಂದು ಕೇಳಿದೆ. ಅದೇ, ತಾವು ಓದಿದ್ದು ಅದೊಂದೇ ಎಂದರು. ತುಂಗಕ್ಕನಿಗೆ ಕಥೆ ಹೇಳಿದ್ದಿರೇ ಎಂದೆ. ಅವಳ ಸಂಗಡ ತಾವು ಮಾತಾಡುತ್ತಲೇ ಇರಲಿಲ್ಲ ಎಂದರು. ಕಡೆಯ ಪುಟದಲ್ಲಿ ಏನಾದರೂ ತಪ್ಪು ಕಂಡಿರಾ ಎಂದಾಗ ಕೊಂಚ ಯೋಚಿಸಿದರು. “ಹೆಸರು ತಪ್ಪಿತ್ತರಿ. ಮಾಧವ ಹೋಗಿ ಯಾದವ ಆಗಿದ್ದ.”

ಛಾಪಖಾನೆಯ ಕಾಗದ, ಆ ಹದಿನಾರು ಪುಟ ಇವತ್ತಿಗೂ ನನ್ನ ಟ್ರಂಕಿನಲ್ಲಿವೆ. ಚಕ್ಕಡಿಯಲ್ಲಿ ಎರಡು ಸಲ ಎಣಿಸಿದ್ದು ನೆನಪಿದೆ. ಹಾಗಾದರೆ ಆ ಮನೆಯಲ್ಲಿ ಇಬ್ಬರು ಓದಿದ್ದು ಏನನ್ನು? ಎಷ್ಟು ವಿಚಾರ ಮಾಡಿದರೂ ನನಗೆ ಗೊತ್ತಾಗಿಲ್ಲ. ಅವಳು ಹೇಳಿದ್ದು ಖರೆ ಎಂದು ಸಾಕ್ಷಿ ಹೇಳಬಲ್ಲವನು ಅದೇ ಮನೆಯ ಪಡಸಾಲೆಯಲ್ಲಿ ಅಷ್ಟು ವರ್ಷ ಕುಳಿತಿದ್ದ. ಅವನೂ ಕೊನೆಯತನಕ ಓದಿದ, ಮೈ ಝುಂ ಎನ್ನಿಸಿಕೊಂಡ, ಆಮೇಲೆ ಎದ್ದು ಹೋಗಿ ಸುಟ್ಟ.

ಅಂದು ವಾಚನಾಲಯದಲ್ಲಿ ರಾಘಪ್ಪನವರು ಇನ್ನೂ ಕೈ ಚಾಚಿಕೊಂಡೇ ಕುಳಿತಿದ್ದರು. ಪುಸ್ತಕ ಇಲ್ಲರಿ ಎಂದೆ. ನನ್ನ ಬೆನ್ನ ಹಿಂದೆ ಕಪಾಟಿನ ಬಾಗಿಲು ಪೂರ್ತಿ ತೆರೆದಿತ್ತು.